ತಳಿ ಆರಿಸುವಾಗಲೇ ರೈತನನ್ನು ಕರೆಯಿರಿ



ನವೆಂಬರ್ ಬಂತೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಜನ ಅದರ ಜಿಕೆವಿಕೆ ಆವರಣದ ಕಡೆ ಮುಗಿಬೀಳುತ್ತಾರೆ. ಹೊಸ ತಳಿಗಳ ತಾಕು, ಯಂತ್ರಗಳ ಮಳಿಗೆ, ಸಾಧಕ ರೈತರಿಗೆ ಶಾಲು ಹಾರ ಎಲ್ಲವೂ ಅಲ್ಲಿರುತ್ತದೆ. ಮೇಳದ ಬಗ್ಗೆ ನನ್ನ ತಕರಾರಿಲ್ಲ. ತಳಿ ಸಿದ್ಧವಾಗಿ, ಹೆಸರಿಟ್ಟು, ಫಲಕ ನೆಟ್ಟ ಮೇಲೆ ರೈತನನ್ನು ನೋಡಲು ಕರೆಯುವ ಪದ್ಧತಿಯ ಬಗ್ಗೆ ಇದೆ. ಯಾವ ಗುಣ ಉಳಿಸಬೇಕು, ಯಾವುದನ್ನು ಬಿಡಬಹುದು ಎಂದು ತೀರ್ಮಾನವಾಗುವ ಹೊತ್ತಿನಲ್ಲಿ ಅವನಿಗೆ ಅಲ್ಲಿ ಜಾಗವಿರುವುದು ಅಪರೂಪ.

ಪಶ್ಚಿಮ ಬೆಂಗಳೂರಿನವರಾದ ನಮಗೆ ಇದು ಅವರೆಕಾಯಿಯಲ್ಲೇ ಅರ್ಥವಾಗಬೇಕು. ಮಾಗಡಿ ಸೀಮೆಯ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಬೆಳೆ. ಮುಂಗಾರಿನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಬಿದ್ದ ಬೀಜ ಚಳಿಗಾಲಕ್ಕೆ ಕಾಯಿ ಕೊಡುತ್ತದೆ. ಚಳಿ, ಇಬ್ಬನಿ ಚೆನ್ನಾಗಿದ್ದರೆ ಸೊಗಡೂ ಚೆನ್ನ ಎಂದು ಬೆಳೆದವರು ಹೇಳುತ್ತಾರೆ. ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ನೀರಿದ್ದರೆ ವರ್ಷದ ಯಾವ ಕಾಲದಲ್ಲೂ ಬೆಳೆಯಬಹುದು. ಕಾಲವಲ್ಲದ ಕಾಲದಲ್ಲಿ ಕಾಯಿ ಮಾರಿ ನಾಲ್ಕು ಕಾಸು ಕಂಡ ರೈತರಿದ್ದಾರೆ. ಅದು ಸಣ್ಣ ಸಾಧನೆಯಲ್ಲ. ಆದರೂ ವಿಜಯನಗರದ ಮಾರುಕಟ್ಟೆಯಲ್ಲಿ ಗಿರಾಕಿಗಳು ಕಾಯಿಯನ್ನು ಮೂಸಿ ನೋಡಿ, 'ಇದರಲ್ಲಿ ಸೊಗಡೇ ಇಲ್ಲವಲ್ಲಮ್ಮ' ಎಂದು ಬುಟ್ಟಿಗೆ ವಾಪಸು ಹಾಕುವುದನ್ನು ಯಾರು ಬೇಕಾದರೂ ನೋಡಬಹುದು.

ಸೊಗಡಿನ ಬೆಲೆ ವಿಜ್ಞಾನಿಗಳಿಗೆ ತಿಳಿಯದು ಎಂದು ನಾನು ಹೇಳುತ್ತಿಲ್ಲ. ಇಳುವರಿಗೆ ಎಷ್ಟು ತೂಕ, ಸೊಗಡಿಗೆ ಎಷ್ಟು, ಅಕ್ಕಡಿ ಸಾಲಿನಲ್ಲಿ ರಾಗಿಯ ಜೊತೆ ಹೊಂದಿಕೊಂಡು ಬೆಳೆಯುವ ಗುಣಕ್ಕೆ ಎಷ್ಟು ಎಂಬುದನ್ನು ಬೆಳೆಯುವವರು ಮತ್ತು ತಿನ್ನುವವರು ಕೂಡ ಕುಳಿತು ಹೇಳಬೇಕು. ರಾಗಿಯದೂ ಇದೇ ಕತೆ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಸಿ.ಎಚ್. ಲಕ್ಷ್ಮಣಯ್ಯನವರನ್ನು ಈ ನಾಡು ರಾಗಿ ಬ್ರಹ್ಮ ಎಂದು ನೆನೆಯುತ್ತದೆ, ನೆನೆಯಲೇಬೇಕು. ಆದರೆ ದನ ಕಟ್ಟಿಕೊಂಡ ಮನೆಯವರು ರಾಗಿಯನ್ನು ಕಾಳಿನ ಕ್ವಿಂಟಲ್ ಲೆಕ್ಕದಲ್ಲಿ ಮಾತ್ರ ಅಳೆಯುವುದಿಲ್ಲ. ಹುಲ್ಲು ಎಷ್ಟು ಬಂತು, ದನ ಅದನ್ನು ತಿಂದಿತೇ, ಬಣವೆ ಮುಂದಿನ ಮಳೆಗಾಲದವರೆಗೆ ಸಾಕಾಯಿತೇ ಎಂದೂ ನೋಡುತ್ತಾರೆ.

'ರೈತರ ಹೊಲದಲ್ಲೇ ಪ್ರಾತ್ಯಕ್ಷಿಕೆ ಮಾಡುತ್ತೇವಲ್ಲ' ಎಂಬ ಉತ್ತರ ಬರಬಹುದು. ನಿಜ, ಕೃಷಿ ವಿಜ್ಞಾನ ಕೇಂದ್ರಗಳು ಆ ಕೆಲಸ ಮಾಡುತ್ತಿವೆ. ಆದರೆ ಪ್ರಾತ್ಯಕ್ಷಿಕೆಯಲ್ಲಿ ತಳಿ ಮೊದಲೇ ತೀರ್ಮಾನವಾಗಿರುತ್ತದೆ, ರೈತ ಜಮೀನು ಕೊಡುತ್ತಾನೆ ಅಷ್ಟೆ. 1979ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 'ಪ್ರಯೋಗಾಲಯದಿಂದ ಹೊಲಕ್ಕೆ' ಎಂಬ ಕಾರ್ಯಕ್ರಮ ಶುರುಮಾಡಿತು. ಹೊಲದಿಂದ ಪ್ರಯೋಗಾಲಯಕ್ಕೂ ಅಷ್ಟೇ ಅಗಲದ ರಸ್ತೆ ಬೇಕಿತ್ತು.

ಆ ರಸ್ತೆ ಸಾಧ್ಯ ಎನ್ನುವುದಕ್ಕೆ ಸಾಕ್ಷಿ ದೂರವೇನಿಲ್ಲ. ರಾಜಾಜಿನಗರದಿಂದ ತುಮಕೂರು ರಸ್ತೆ ಹಿಡಿದು ಗುಬ್ಬಿ ತಾಲ್ಲೂಕಿನ ಚೇಳೂರಿಗೆ ಹೋದರೆ 'ಸಿದ್ದು' ಹಲಸಿನ ತಾಯಿಮರವಿದೆ. ತಾಮ್ರಗೆಂಪು ತೊಳೆಯ, ಸುಮಾರು ಎರಡೂವರೆ ಕಿಲೋ ತೂಗುವ ಚಿಕ್ಕ ಹಣ್ಣು. ನಗರದ ಸಣ್ಣ ಸಂಸಾರಕ್ಕೆ ಹೇಳಿ ಮಾಡಿಸಿದ್ದು. ಮರವನ್ನು ಉಳಿಸಿಕೊಂಡು ಬಂದದ್ದು ರೈತ ಎಸ್.ಎಸ್. ಪರಮೇಶ್ ಅವರ ಕುಟುಂಬ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮತ್ತು ಅದರ ಹಿರೇಹಳ್ಳಿ ಕೇಂದ್ರ ಗುಣ ಪರೀಕ್ಷಿಸಿ, ಕಸಿ ಗಿಡ ಮಾಡಿ, ಪರಮೇಶ್ ಅವರ ತಂದೆ ಸಿದ್ದಪ್ಪನವರ ಹೆಸರನ್ನೇ ತಳಿಗೆ ಇಟ್ಟವು. 2017ರ ಒಪ್ಪಂದದಂತೆ ಕಸಿ ಗಿಡಗಳ ಮಾರಾಟದ ಹಣದಲ್ಲಿ ಶೇ 75ರಷ್ಟು ರೈತನಿಗೆ. ಮರ ರೈತನದು, ಪರೀಕ್ಷೆ ಸಂಸ್ಥೆಯದು, ಲಾಭ ಇಬ್ಬರದೂ.

ಹೀಗಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ದಾದಾಜಿ ಖೋಬ್ರಾಗಡೆ ಅವರ ಕತೆ ಇದೆ. ಚಂದ್ರಪುರ ಜಿಲ್ಲೆಯ ಈ ಸಣ್ಣ ಹಿಡುವಳಿದಾರ ತನ್ನ ಗದ್ದೆಯಲ್ಲಿ ಕಂಡ ಬೇರೆ ಬಗೆಯ ತೆನೆಗಳನ್ನು ಆರಿಸಿ, ವರ್ಷಗಟ್ಟಲೆ ಬೆಳೆಸಿ ಹೊಸ ಭತ್ತ ಕೊಟ್ಟರು. ಆಗ ಎಲ್ಲರ ಕೈಯಲ್ಲಿದ್ದ, ನಮ್ಮ ಜಾಲಹಳ್ಳಿಯಲ್ಲಿ ತಯಾರಾಗುತ್ತಿದ್ದ ಎಚ್‌ಎಂಟಿ ಗಡಿಯಾರದ ಹೆಸರು ಅದಕ್ಕೆ ಬಂತು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಬೀಜ ಪಡೆದು, ಶುದ್ಧೀಕರಿಸಿ, 1998ರಲ್ಲಿ ಪಿಕೆವಿ-ಎಚ್‌ಎಂಟಿ ಎಂದು ಬಿಡುಗಡೆ ಮಾಡಿತು. ಪ್ರಶಸ್ತಿಗಳು ದಾದಾಜಿಯನ್ನು ಹುಡುಕಿಕೊಂಡು ಬಂದವು, ಬೀಜದ ಲಾಭದ ಪಾಲು ಬರಲಿಲ್ಲ. 2018ರಲ್ಲಿ ಬಡತನದಲ್ಲೇ ತೀರಿಕೊಂಡರು.

ಕಾನೂನಿನ ಕೊರತೆ ಇದೆಯೇ ಎಂದರೆ ಅದೂ ಇಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನನ್ನೂ ತಳಿಕಾರನೆಂದು ಒಪ್ಪುತ್ತದೆ, ಅವನ ತಳಿಯ ನೋಂದಣಿಗೆ ಅವಕಾಶ ಕೊಡುತ್ತದೆ, ಲಾಭ ಹಂಚಿಕೆಯ ಮಾತನ್ನೂ ಆಡುತ್ತದೆ. ಪುಸ್ತಕದಲ್ಲಿರುವ ಹಕ್ಕನ್ನು ಹಳ್ಳಿಗೆ ತಲುಪಿಸುವ ಮನಸ್ಸು ಬೇಕಾಗಿದೆ.

ಆದ್ದರಿಂದ ಕೃಷಿ ವಿಶ್ವವಿದ್ಯಾಲಯಕ್ಕೂ ಸರ್ಕಾರಕ್ಕೂ ನನ್ನ ಒತ್ತಾಯ ಇಷ್ಟು. ಒಂದು, ಹೊಸ ತಳಿಯ ಆಯ್ಕೆ ನಡೆಯುವಾಗಲೇ ಆ ಬೆಳೆಯ ಸೀಮೆಯ ರೈತರು, ಮುಖ್ಯವಾಗಿ ಬೀಜ ಎತ್ತಿಡುವ ಹೆಂಗಸರು, ಪ್ರಯೋಗದ ತಾಕಿಗೆ ಬಂದು ತಮ್ಮ ಆಯ್ಕೆಯನ್ನು ದಾಖಲಿಸಲಿ. ಅವರು ಬೇಡವೆಂದದ್ದನ್ನು ಬಿಡುಗಡೆ ಮಾಡುವುದಾದರೆ ಕಾರಣವನ್ನು ಕನ್ನಡದಲ್ಲಿ ಬರೆದು ಪ್ರಕಟಿಸಲಿ. ಎರಡು, ತಾಕಿನಲ್ಲಿ ಅಕ್ಕಡಿ ಬೇಸಾಯಕ್ಕೂ ಜಾಗವಿರಲಿ. ಮೂರು, ರೈತರಿಂದ ಪಡೆದ ನಾಟಿ ತಳಿಯನ್ನು ಬಳಸಿದ್ದರೆ ಬೀಜದ ಚೀಲದ ಮೇಲೆ ಆ ರೈತನ ಅಥವಾ ಊರಿನ ಹೆಸರು ಅಚ್ಚಾಗಲಿ, ಸಿದ್ದು ಹಲಸಿನಂತೆ ಲಿಖಿತ ಒಪ್ಪಂದದ ಪಾಲು ಸಿಗಲಿ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ವಿಶ್ವವಿದ್ಯಾಲಯದ್ದೇ ಕೃಷಿ ವಿಜ್ಞಾನ ಕೇಂದ್ರವಿದೆ, ಸುತ್ತ ಅವರೆ ಬೆಳೆಯುವ ಊರುಗಳಿವೆ, ಕೊಂಡು ತಿನ್ನಲು ಇತ್ತ ನಾವಿದ್ದೇವೆ. ಬರುವ ಅವರೆ ಹಂಗಾಮಿನಿಂದಲೇ ಅಲ್ಲಿ ಆರಂಭಿಸಲಿ.

ಇಂತಿ,
ನಿಮ್ಮ ಓದುಗ
ಬಸವೇಶ್ವರನಗರ, ಬೆಂಗಳೂರು