ಒಂದೇ ಸಾಲಿನ ಹುಡುಗರು

ಬೆಂಗಳೂರಿನಿಂದ ಕನಕಪುರದ ದಾರಿ ಹಿಡಿದು ಅಲ್ಲಿಂದ ಸಂಗಮದ ಕಡೆಗೆ ತಿರುಗಿದವರಿಗೆ ನಡುವೆ ದೊಡ್ಡಆಲಹಳ್ಳಿ ಸಿಕ್ಕುತ್ತದೆ. ರಾಗಿ ರೇಷ್ಮೆಗಳ ಸೀಮೆ. ಸಮುದ್ರಕ್ಕೂ ಈ ಊರಿಗೂ ಏನಾದರೂ ನಂಟಿದ್ದರೆ, ದಾರಿಯ ಕೊನೆಯಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡಿಕೊಂಡು ಬಹುದೂರದ ಬಂಗಾಳ ಕೊಲ್ಲಿಗೆ ಸಾಗುತ್ತದೆಂಬುದಷ್ಟೆ. ಇಂಥ ಊರಿನಲ್ಲಿ ಹುಟ್ಟಿ, ಇಲ್ಲಿಯೇ ಮಗ್ಗಿ ಕಲಿತು, ಇಲ್ಲಿಯೇ ಮುದುಕನಾದವನು ಬಾಲ್ಯದ ಸಹಪಾಠಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಂಜೆ ಜಗಲಿಯ ಮೇಲೆ ಕುಳಿತರೆ ಅವನೇ ಎದುರಿಗೆ ಬರುತ್ತಾನೆ. ಯಾರ ಮಂಡಿ ನೋಯುತ್ತಿದೆ, ಯಾರ ಮೊಮ್ಮಗಳಿಗೆ ಗಂಡು ಗೊತ್ತಾಯಿತು, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ದೀಪ ಹಚ್ಚುವ ಹೊತ್ತಿಗೆ ತಾನಾಗಿಯೇ ತಿಳಿದುಹೋಗುತ್ತದೆ.

ಹಡಗಿನಲ್ಲಿ ಬಾಳು ಸವೆಸಿದವನ ಪಾಡು ಬೇರೆ. ಹದಿನಾರು ಹದಿನೇಳರ ಪ್ರಾಯದಲ್ಲಿ, ಮೀಸೆ ಸರಿಯಾಗಿ ಚಿಗುರುವ ಮೊದಲೇ, ಅವನು ಮನೆ ಬಿಡುತ್ತಾನೆ. ಅನಂತರ ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವುದೇ ಅವನ ಸಂಸಾರದ ಪರಿಪಾಠ. ಇಂದು ಮುಂಬಯಿ, ನಾಳೆ ಕೊಚ್ಚಿ, ನಾಡಿದ್ದು ವಿಶಾಖಪಟ್ಟಣ, ಅದರಾಚೆಗೆ ಪೋರ್ಟ್ ಬ್ಲೇರ್. ಮಗು ಹುಟ್ಟಿದ ಊರೊಂದಾದರೆ ಅಕ್ಷರ ಕಲಿಯುವ ಊರು ಮತ್ತೊಂದು. ನಿವೃತ್ತಿಯ ದಿನ ಬಂದಾಗ ಹುಟ್ಟೂರಿನ ಮನೆ ಅಣ್ಣತಮ್ಮಂದಿರ ಮಕ್ಕಳ ಪಾಲಾಗಿರುತ್ತದೆ. ಬೆಂಗಳೂರಿನಲ್ಲಿ ಕಟ್ಟಿಸಿದ ಹೊಸ ಮನೆಯ ನೆರೆಯವರಿಗೆ ಆತ 'ಮೂಲೆಮನೆಯ ಮಿಲಿಟರಿಯವರು', ಅಷ್ಟೆ. ಹೀಗೆ ಊರಿಲ್ಲದವನಿಗೆ ಊರಾಗಿ ಉಳಿಯುವುದು ಒಂದೇ: ತನ್ನೊಡನೆ ಅಕಾಡೆಮಿಯ ಬಾಗಿಲು ಹೊಕ್ಕ ಹುಡುಗರ ಸಾಲು.

ಹಳ್ಳಿಯವರು ಹೊಸಬನನ್ನು ಕಂಡರೆ 'ಯಾವೂರು?' ಎಂದು ವಿಚಾರಿಸುವಂತೆ, ನೌಕಾಧಿಕಾರಿಗಳು 'ಎಷ್ಟನೆಯ ಕೋರ್ಸು?' ಎಂದು ವಿಚಾರಿಸುತ್ತಾರೆ. ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಮೂರು ದಳಗಳ ಹುಡುಗರು ಮೂರು ವರ್ಷ ಒಟ್ಟಿಗೆ ಕಲಿಯುತ್ತಾರೆ. ನೌಕಾದಳದ್ದೇ ಆದ ಅಕಾಡೆಮಿ 1969ರಲ್ಲಿ ಕೊಚ್ಚಿಯಲ್ಲಿ ಆರಂಭವಾಗಿ, 1986ರಲ್ಲಿ ಗೋವೆಗೆ ತೆರಳಿ, 2009ರಲ್ಲಿ ಕಾಸರಗೋಡಿನ ದಕ್ಷಿಣಕ್ಕೆ, ಕಣ್ಣೂರು ಜಿಲ್ಲೆಯ ಎಳಿಮಲದಲ್ಲಿ ನೆಲೆ ನಿಂತಿತು. ಎಲ್ಲಿ ಸೇರಿದರೂ ಸೇರಿದ ತಂಡಕ್ಕೊಂದು ಸಂಖ್ಯೆಯುಂಟು. ಅದು ಗೋತ್ರದ ಹಾಗೆ, ಮುಂದೆ ಬದಲಾಗುವುದಿಲ್ಲ. ಒಬ್ಬ ಅಡ್ಮಿರಲ್ ಆಗಬಹುದು, ಇನ್ನೊಬ್ಬ ಕಮಾಂಡರ್ ದರ್ಜೆಯಲ್ಲಿಯೇ ನಿಂತುಬಿಡಬಹುದು, ಮತ್ತೊಬ್ಬ ಬೇಗನೆ ಬಿಟ್ಟು ವ್ಯಾಪಾರದ ಹಡಗು ಸೇರಬಹುದು. ಆದರೆ ಸಹಪಾಠಿಗಳ ಪಂಕ್ತಿಯಲ್ಲಿ ಪದವಿಯ ಎಲೆ ಬೇರೆ ಹಾಕುವ ಪದ್ಧತಿಯಿಲ್ಲ.

ಈ ನಂಟಿನ ಬಲಕ್ಕೆ ನಿದರ್ಶನಗಳು ಇಲ್ಲದಿಲ್ಲ. ಖಡಕ್‌ವಾಸ್ಲಾದ ಕಟ್ಟಡಗಳು ಏಳುವ ಮೊದಲೇ, 1949ರಲ್ಲಿ, ಡೆಹ್ರಾಡೂನಿನಲ್ಲಿ ಮೂರು ದಳಗಳಿಗೂ ಸೇರಿದ ಮೊದಲನೆಯ ತಂಡ ಕೂಡಿತು. ಅದರ ಹುಡುಗರಲ್ಲಿ ಮೂವರು 1991ರ ಹೊತ್ತಿಗೆ ಏಕಕಾಲದಲ್ಲಿ ಮೂರು ದಳಗಳ ಮುಖ್ಯಸ್ಥರಾಗಿದ್ದರು: ಭೂಸೇನೆಯಲ್ಲಿ ಜನರಲ್ ಸುನಿತ್ ಫ್ರಾನ್ಸಿಸ್ ರೋಡ್ರಿಗಸ್, ನೌಕಾದಳದಲ್ಲಿ ಅಡ್ಮಿರಲ್ ಲಕ್ಷ್ಮೀನಾರಾಯಣ ರಾಮದಾಸ್, ವಾಯುದಳದಲ್ಲಿ ಏರ್ ಚೀಫ್ ಮಾರ್ಷಲ್ ಎನ್. ಸಿ. ಸೂರಿ. 2020ರಲ್ಲಿಯೂ ಮೂವರು ಮುಖ್ಯಸ್ಥರು ಐವತ್ತಾರನೆಯ ಕೋರ್ಸಿನ ಒಡನಾಡಿಗಳೇ ಆಗಿದ್ದರು. ಆದರೆ ಕೀರ್ತಿಗೆ ಮೇಲೇರುವ ದಾರಿಯಂತೆ ಕಾಲಕ್ಕೆ ಇಳಿಯುವ ದಾರಿಯೂ ಉಂಟು. ರೋಡ್ರಿಗಸ್ 2022ರ ಮಾರ್ಚಿಯಲ್ಲಿ, ರಾಮದಾಸ್ 2024ರ ಮಾರ್ಚಿಯಲ್ಲಿ ತೀರಿಕೊಂಡರು.

ಕೆಲವು ಸಾಲುಗಳಲ್ಲಿ ಖಾಲಿ ಜಾಗ ವೃದ್ಧಾಪ್ಯಕ್ಕಾಗಿ ಕಾಯಲಿಲ್ಲ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಸಮೀಪದಲ್ಲಿ 'ಖುಕ್ರಿ' ನೌಕೆ ಮುಳುಗಿದಾಗ 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಅದರೊಡನೆ ಹೋದರು. ನೌಕೆಯ ನಾಯಕರಾದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅಂದು ಇಪ್ಪತ್ತೈದರ ಆಸುಪಾಸಿನಲ್ಲಿದ್ದು ಹೋದವರ ಜೊತೆಗಾರರಿಗೆ ಈಗ ಎಂಬತ್ತರ ಹತ್ತಿರ ವಯಸ್ಸು. ಇವರ ಕೂಟಗಳಲ್ಲಿ ಅಗಲಿದವರ ಹೆಸರು ಹೇಳಿ ಮೌನವಾಗಿ ನಿಂತಾಗ, ಎಂಬತ್ತರವರ ನಡುವೆ ಇಪ್ಪತ್ತೈದರವನ ಹೆಸರೂ ಕೇಳಿಸುತ್ತದೆ. ಅವನು ಮಾತ್ರ ಮುದುಕನಾಗಿಲ್ಲ.

ಬೆಂಗಳೂರು ಇಂಥವರಿಗೆ ಹಿಡಿಸಿದ ಊರು. ಹವೆ ಹಿತ, ಸೇನೆಯ ಆಸ್ಪತ್ರೆ ಸಮೀಪ. ಕಾರವಾರದಲ್ಲೊಂದು ದೊಡ್ಡ ನೌಕಾನೆಲೆ ಬೇಕೆಂದು 1980ರ ದಶಕದ ಆದಿಯಲ್ಲಿಯೇ ಯೋಚಿಸಿದ ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್ 2011ರಲ್ಲಿ ಕಣ್ಮುಚ್ಚಿದ್ದು ಬೆಂಗಳೂರಿನಲ್ಲಿ. ಅವರು ಕಂಡ ಕನಸು 2005ರಲ್ಲಿ 'ಕದಂಬ' ಎಂಬ ಹೆಸರಿನ ನೆಲೆಯಾಗಿ ಕಾರವಾರದಲ್ಲಿ ನನಸಾಯಿತು.

ಡಿಸೆಂಬರ್ 4ರ ನೌಕಾದಿನ ಹತ್ತಿರವಾದಂತೆ ನಿವೃತ್ತರ ಕೂಟಗಳಿಗೆ ಕಳೆ ಏರುತ್ತದೆ. ಮೊದಲೆಲ್ಲ ರಾತ್ರಿಯ ಔತಣವಾಗಿದ್ದುದು ಬರಬರುತ್ತ ಮಧ್ಯಾಹ್ನದ ಊಟವಾಗುತ್ತದೆ. ಕತ್ತಲಲ್ಲಿ ಕಾರು ನಡೆಸುವ ಕಣ್ಣು ಎಲ್ಲರಿಗೂ ಉಳಿದಿರುವುದಿಲ್ಲ. ಮೊದಲಿಗೆ ಹಳೆಯ ಹಡಗುಗಳ ಸುದ್ದಿ. 1957ರಿಂದ 1985ರವರೆಗೆ ಗಂಡಭೇರುಂಡವನ್ನು ಲಾಂಛನವಾಗಿ ಧರಿಸಿ ಕಡಲಾಳಿದ 'ಮೈಸೂರು' ನೌಕೆಯ ಮಾತು ಬಂದರಂತೂ ಊಟ ಆರಿಹೋಗುತ್ತದೆ. 1971ರಲ್ಲಿ ಪಶ್ಚಿಮ ನೌಕಾಪಡೆಯ ಧ್ವಜನೌಕೆಯಾಗಿದ್ದ ಅದು ಮುಂದೆ ಹೊಸ ಹುಡುಗರಿಗೆ ಪಾಠಶಾಲೆಯೂ ಆಯಿತು. ಪಾಯಸದ ಹೊತ್ತಿಗೆ ಹಡಗುಗಳು ಹಿಂದೆ ಸರಿದು, ರಕ್ತದ ಸಕ್ಕರೆ, ಕಣ್ಣಿನ ಪೊರೆ, ಅಮೆರಿಕದಲ್ಲಿರುವ ಮಗಳು ಮುಂದೆ ಬರುತ್ತಾರೆ.

ಕಾಲಿನಲ್ಲಿ ಕಸುವಿರುವವರು ಒಮ್ಮೊಮ್ಮೆ ವನಭೋಜನಕ್ಕೂ ಹೊರಡುವುದುಂಟು. ದೊಡ್ಡಆಲಹಳ್ಳಿಯ ಮೇಲೆ ಹಾದು ಸಂಗಮಕ್ಕೆ ಹೋದರೆ ಅರ್ಕಾವತಿಯನ್ನು ಹರಿಗೋಲಿನಲ್ಲಿ ದಾಟಿ ಮೇಕೆದಾಟಿನ ಕಡೆಗೆ ಸಾಗಬೇಕು. ಸಾವಿರಾರು ಟನ್ನಿನ ನೌಕೆಯನ್ನು ನಡೆಸಿದವರಾದರೂ ಅಲ್ಲಿ ಹರಿಗೋಲಿನವನ ಅಪ್ಪಣೆಯೇ ಅಪ್ಪಣೆ. 'ಅಲುಗಾಡಬೇಡಿ ಸ್ವಾಮಿ' ಎಂದರೆ ಅಡ್ಮಿರಲ್ಲೂ ಮಂಡಿ ಮಡಿಸಿ ಸುಮ್ಮನೆ ಕುಳಿತುಕೊಳ್ಳತಕ್ಕದ್ದು.

ಇವೆಲ್ಲ ನಗೆಯ ಮಾತಾಯಿತು. ಕೂಟದ ನಿಜವಾದ ಬೆಲೆ ತಿಳಿಯುವುದು ಒಂದು ಕುರ್ಚಿ ಖಾಲಿಯಾದಾಗ. ಪ್ರತಿಯೊಂದು ಸಾಲಿನಲ್ಲಿಯೂ ವಿಳಾಸದ ಪಟ್ಟಿ ಇಟ್ಟುಕೊಂಡು, ಹುಟ್ಟುಹಬ್ಬಗಳನ್ನು ನೆನಪಿಸಿ, ಯಾರು ಫೋನು ಎತ್ತುತ್ತಿಲ್ಲವೆಂದು ವಿಚಾರಿಸುವ ಪುಣ್ಯಾತ್ಮನೊಬ್ಬನಿರುತ್ತಾನೆ. ಸದಸ್ಯನೊಬ್ಬ ತೀರಿಕೊಂಡರೆ ಅವನು ಹೆಸರಿಗೆ ಗೆರೆ ಎಳೆದು ಸುಮ್ಮನಾಗುವುದಿಲ್ಲ. ಅದರ ಎದುರಿಗೆ ಹೆಂಡತಿಯ ಹೆಸರು ಬರೆಯುತ್ತಾನೆ. ಮುಂದಿನ ಕರೆಯೋಲೆ ಆಕೆಗೆ ಹೋಗುತ್ತದೆ. ಗಂಡ ಹಡಗೇರಿ ತಿಂಗಳುಗಟ್ಟಲೆ ಹೋದಾಗ ಮಕ್ಕಳ ಜ್ವರವನ್ನೂ ಮನೆಯ ಬಾಡಿಗೆಯನ್ನೂ ಒಬ್ಬಳೇ ನಿಭಾಯಿಸಿದವಳು ಆಕೆ. ಆಗ ನೆರವಿಗೆ ನಿಂತವರು ಪಕ್ಕದ ಕ್ವಾರ್ಟರ್ಸಿನ ಅಂಥದೇ ಹೆಂಗಸರು. ವಿಧವೆಯಾದೊಡನೆ ಆಕೆಯನ್ನು ಪಟ್ಟಿಯಿಂದ ಬಿಟ್ಟರೆ ಗಂಡನ ಜೊತೆಗೆ ಊರನ್ನೂ ಕಿತ್ತುಕೊಂಡಂತೆ.

ಇಲ್ಲಿಯೇ ಗೃಹಸ್ಥರು ಗಮನಿಸಬೇಕಾದ ಸಂಗತಿಯೊಂದಿದೆ. ಅನೇಕ ಮನೆಗಳಲ್ಲಿ ಪಿಂಚಣಿಯ ಕಾಗದಪತ್ರ ಎಲ್ಲಿದೆಯೆಂಬುದು ತಂದೆಗಷ್ಟೇ ಗೊತ್ತು. ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರೂ ಜನ್ಮದಿನಾಂಕವೂ ಸರಿಯಾಗಿ ನಮೂದಾಗಿರಬೇಕು. 2006ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ ಪಿಂಚಣಿದಾರನಿಗಾಗಲಿ ಕುಟುಂಬ ಪಿಂಚಣಿ ಪಡೆಯುವ ಪತ್ನಿಗಾಗಲಿ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ನೂರಕ್ಕೆ 20, 85ಕ್ಕೆ 30, 90ಕ್ಕೆ 40 ಹೆಚ್ಚುವರಿ ದೊರೆಯುತ್ತದೆ. ದಿನಾಂಕವೇ ಇಲ್ಲದಿದ್ದರೆ ವಯಸ್ಸು ತುಂಬಿತೆಂದು ತೋರಿಸುವುದು ಹೇಗೆ? ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸುವುದು, 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡನ್ನು ಸರಿಯಾಗಿ ಇಟ್ಟುಕೊಳ್ಳುವುದು, ಇವೆಲ್ಲ ಸಣ್ಣ ಕೆಲಸಗಳೇ. ಆದರೆ ದುಃಖದ ದಿನಗಳಲ್ಲಿ ಇವೇ ಬೆಟ್ಟವಾಗುತ್ತವೆ. ಅಂಥ ಹೊತ್ತಿನಲ್ಲಿ ಪರದೇಶದ ಮಗನಿಗಿಂತ ಮೊದಲು ಬಾಗಿಲಿಗೆ ಬಂದು, ಕನ್ನಡಕ ಹಾಕಿಕೊಂಡು ಅರ್ಜಿ ತುಂಬಿಸುವವನು ಆ ಸಾಲಿನ ಹಳೆಯ ಹುಡುಗನೇ. ಅವನ ದೂರವಾಣಿ ಸಂಖ್ಯೆ ತಂದೆಯ ಪುಸ್ತಕದಲ್ಲಿದ್ದರೆ ಸಾಲದು, ಮಕ್ಕಳ ಬಳಿಯೂ ಇರಬೇಕು.

ಹೆಸರಿನಲ್ಲಿಯೇ ಆಲದ ಮರವನ್ನಿಟ್ಟುಕೊಂಡ ಹಳ್ಳಿಯಲ್ಲಿ ಒಬ್ಬ ಅಜ್ಜ ಹೋದರೆ ಇನ್ನೊಂದು ತೊಟ್ಟಿಲು ತೂಗುತ್ತದೆ. ಬಿಳಲು ಇಳಿದು ಮರ ನಿಲ್ಲುತ್ತದೆ. ಕೋರ್ಸೆಂಬ ಊರಿಗೆ ಆ ಭಾಗ್ಯವಿಲ್ಲ. ಸೇರಿದ ದಿನ ಎಷ್ಟು ಮಂದಿಯೋ ಅಷ್ಟೇ. ಅನಂತರ ಕಳೆಯುವ ಲೆಕ್ಕವೇ ಹೊರತು ಕೂಡುವ ಲೆಕ್ಕವಿಲ್ಲ. ಅದಕ್ಕೇ ಇರಬೇಕು, ಇವರು ವರ್ಷಕ್ಕೊಮ್ಮೆ ಕೂಡುತ್ತಿದ್ದವರು ತಿಂಗಳಿಗೊಮ್ಮೆ ಕೂಡಲು ತೊಡಗುತ್ತಾರೆ. ಅಕಾಡೆಮಿಯ ಮೊದಲ ವಾರದಲ್ಲಿ ಪ್ರತಿಯೊಬ್ಬನಿಗೂ ಒಂದು ಅಡ್ಡಹೆಸರು ಅಂಟಿಕೊಂಡಿರುತ್ತದೆ. ಹೆಂಡತಿ ಆ ಹೆಸರಿನಿಂದ ಕರೆಯುವುದಿಲ್ಲ, ಮಕ್ಕಳಿಗೆ ಅದು ತಿಳಿದೇ ಇರುವುದಿಲ್ಲ. ಎಂಬತ್ತರ ಮುದುಕ ಕೋಲೂರಿಕೊಂಡು ಊಟದ ಮನೆಯ ಬಾಗಿಲಿಗೆ ಬಂದಾಗ, ಒಳಗಿನಿಂದ ಯಾರೋ ಆ ಹೆಸರು ಹಿಡಿದು ಕೂಗುತ್ತಾರೆ. ಅಷ್ಟು ಕೇಳುವುದಕ್ಕಾಗಿಯೇ ಆತ ಎರಡು ಬಸ್ಸು ಬದಲಾಯಿಸಿ ಬಂದಿರುತ್ತಾನೆ.