ಕೇಳದೆಯೇ ಸಿಗಬೇಕಾದದ್ದು

ಆಸ್ಟ್ರೇಲಿಯಾದ ಪರ್ತ್ ನಗರದ ಬೆಂಟ್ಲಿ ಬಡಾವಣೆ ಕನ್ನಡಿಗರಿಗೆ ಪರಿಚಯವಾಗುವುದು ಕರ್ಟಿನ್ ವಿಶ್ವವಿದ್ಯಾಲಯದ ಮೂಲಕ. ಬೆಂಗಳೂರು, ದಾವಣಗೆರೆ, ಮಂಗಳೂರು ಕಡೆಯಿಂದ ಓದಲು ಹೋದ ಹುಡುಗಿಯರು ನಾಲ್ಕೈದು ಮಂದಿ ಸೇರಿ ಸುತ್ತಮುತ್ತ ಒಂದು ಮನೆ ಹಿಡಿಯುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿ ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ದುಡಿಮೆಯಲ್ಲಿ ಬಾಡಿಗೆ ಮೊದಲು, ಬಸ್ಸಿನ ಖರ್ಚು ಆಮೇಲೆ, ಅಕ್ಕಿ, ಹಾಲು, ತರಕಾರಿ ಅದರ ನಂತರ. ಕೈ ಬಿಗಿಯಾದ ತಿಂಗಳಲ್ಲಿ ಸಾಮಾನಿನ ಚೀಟಿಯಿಂದ ಏನನ್ನು ಹೊಡೆದುಹಾಕಿದೆ ಎಂಬುದನ್ನು ಊರಿಗೆ ಫೋನ್ ಮಾಡಿದಾಗ ಯಾವ ಹುಡುಗಿಯೂ ಹೇಳುವುದಿಲ್ಲ. ಫೀಸಿಗೆ ದುಡ್ಡು ಸಾಲದು ಎಂದು ಅಪ್ಪನಿಗೆ ಹೇಳಬಹುದು, ಪ್ಯಾಡಿಗೆ ಸಾಲದು ಎಂದು ಹೇಳುವ ರೂಢಿ ನಮ್ಮ ಮನೆಗಳಲ್ಲಿ ಬೆಳೆದೇ ಇಲ್ಲ.

ಅಂಥ ಶ್ರೀಮಂತ ದೇಶದಲ್ಲಿ ಇದೂ ಒಂದು ಕೊರತೆಯೇ ಎಂದು ಹುಬ್ಬೇರಿಸುವವರು ಬ್ರಿಸ್ಬೇನಿನ ಕಥೆ ಕೇಳಬೇಕು. ರೋಶೆಲ್ ಕೋರ್ಟ್ನಿ ಅಲ್ಲಿ ವ್ಯಾಯಾಮ ತರಬೇತಿ ಕೊಡುತ್ತಿದ್ದ ಹೆಂಗಸು. ಮನೆ ಕಳೆದುಕೊಂಡು ಬೀದಿಯಲ್ಲಿ, ಆಶ್ರಯಧಾಮಗಳಲ್ಲಿ ದಿನ ದೂಡುವ ಹೆಂಗಸರು ಮುಟ್ಟಿನ ದಿನಗಳಲ್ಲಿ ಕೈಗೆ ಸಿಕ್ಕಿದ್ದನ್ನೇ ಬಳಸುತ್ತಾರೆ ಎಂಬುದು ಅವರ ಗಮನಕ್ಕೆ ಬಂದದ್ದು 2015ರಲ್ಲಿ. ಅಕ್ಕಪಕ್ಕದವರಿಂದ ಪೊಟ್ಟಣ ಒಟ್ಟುಮಾಡಲು ಹೊರಟ ಅವರ ಕೆಲಸ ‘ಶೇರ್ ದ ಡಿಗ್ನಿಟಿ’ ಎಂಬ ಸಂಸ್ಥೆಯಾಗಿ ದೇಶದ ತುಂಬ ಹರಡಿತು. ಇದೇ ಸಂಸ್ಥೆ 2021ರಲ್ಲಿ ನಡೆಸಿದ ಸಮೀಕ್ಷೆಗೆ 1.25 ಲಕ್ಷಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ದುಡ್ಡಿನ ಅಡಚಣೆಯಿಂದ ಪ್ಯಾಡು, ಟ್ಯಾಂಪನ್ನಿನ ಬದಲು ಟಾಯ್ಲೆಟ್ ಪೇಪರೋ ಮತ್ತೇನೋ ಬಳಸಿ ದಿನ ಕಳೆದದ್ದುಂಟು ಎಂದವರು ಅವರಲ್ಲಿ ಐವರಿಗೆ ಒಬ್ಬರು. ತಾವಾಗಿ ಮುಂದೆ ಬಂದು ಉತ್ತರ ಕೊಟ್ಟವರ ಲೆಕ್ಕ ಇದು, ಇಡೀ ದೇಶದ ತಲೆಎಣಿಕೆಯಲ್ಲ. ಹಾಗಿದ್ದರೂ ಇಷ್ಟು ಮಂದಿ ಇದನ್ನು ಬಾಯಿಬಿಟ್ಟು ಹೇಳಿದ್ದು ಆ ದೇಶಕ್ಕೂ ಹೊಸದಾಗಿತ್ತು.

ಆ ಸಂಸ್ಥೆ ಮಾಡಿದ ಕೆಲಸಗಳಲ್ಲಿ ನಮ್ಮವರು ಎರವಲು ತರಬೇಕಾದದ್ದು ಗೋಡೆಗೆ ತಗುಲಿಸಿದ ಒಂದು ಪೆಟ್ಟಿಗೆಯನ್ನು. ಶಾಲೆ, ಆಸ್ಪತ್ರೆ, ಆಶ್ರಯಧಾಮಗಳ ಶೌಚಾಲಯದಲ್ಲಿ ಇರುವ ಈ ಯಂತ್ರದ ಗುಂಡಿ ಒತ್ತಿದರೆ ಪೊಟ್ಟಣ ಕೈಗೆ ಬೀಳುತ್ತದೆ. ಕಾಸು ಹಾಕಬೇಕಿಲ್ಲ. ಹೆಸರು ಬರೆಸಬೇಕಿಲ್ಲ. ಬಡವಳೋ ಅಲ್ಲವೋ ಎಂದು ಅಳೆಯುವವರು ಅಲ್ಲಿ ಯಾರೂ ನಿಂತಿರುವುದಿಲ್ಲ. ಮುಟ್ಟಿನ ವಿಷಯದಲ್ಲಿ ಹೆಣ್ಣುಮಕ್ಕಳನ್ನು ಅತಿ ಹೆಚ್ಚು ಕುಗ್ಗಿಸುವುದು ಇನ್ನೊಬ್ಬರ ಮುಂದೆ ನಿಂತು ಕೇಳಬೇಕಾದ ಆ ಗಳಿಗೆ. ಈ ಪೆಟ್ಟಿಗೆ ಅದನ್ನೇ ತಪ್ಪಿಸುತ್ತದೆ. ಶೌಚಾಲಯದಲ್ಲಿ ಸೋಪು, ನೀರು ಇರುವ ಹಾಗೆ ಪ್ಯಾಡೂ ಇರಬೇಕು. ಅದಕ್ಕಿಂತ ದೊಡ್ಡ ಉಪಕಾರವೆಂಬಂತೆ ಅದನ್ನು ಕೊಡಬಾರದು.

ಆಸ್ಟ್ರೇಲಿಯಾ ಇಷ್ಟಕ್ಕೆ ಬರಲು ಸಾಕಷ್ಟು ಕಾಲ ತೆಗೆದುಕೊಂಡಿತು. 2000ದ ಜುಲೈನಲ್ಲಿ ಅಲ್ಲಿ ಜಿಎಸ್‌ಟಿ ಬಂದಾಗ ಕಾಂಡೋಮ್ ಮತ್ತು ಸನ್‌ಸ್ಕ್ರೀನಿಗೆ ವಿನಾಯಿತಿ ಸಿಕ್ಕಿತು, ಪ್ಯಾಡಿಗೆ ಶೇ 10ರ ತೆರಿಗೆ ಬಿತ್ತು. 2015ರಲ್ಲಿ ಸುಬೇತಾ ವಿಮಲರಾಜಾ ಎಂಬ ವಿದ್ಯಾರ್ಥಿನಿ ಟಿ.ವಿ. ಚರ್ಚೆಯೊಂದರಲ್ಲಿ ಹಣಕಾಸು ಸಚಿವರನ್ನೇ ಈ ಬಗ್ಗೆ ಪ್ರಶ್ನಿಸಿದ್ದು ದೊಡ್ಡ ಸುದ್ದಿಯಾಯಿತು. ತೆರಿಗೆ ಹೋದದ್ದು 2019ರ ಜನವರಿ 1ರಂದು. ಭಾರತ ಈ ವಿಷಯದಲ್ಲಿ ಅವರಿಗಿಂತ ಮುಂದಿತ್ತು. 2017ರ ಜುಲೈನಲ್ಲಿ ನಮ್ಮ ಜಿಎಸ್‌ಟಿ ಕುಂಕುಮ, ಬಿಂದಿ, ಬಳೆಗಳನ್ನು ತೆರಿಗೆಯಿಂದ ಬಿಟ್ಟು ಪ್ಯಾಡಿಗೆ ಶೇ 12 ಹಾಕಿತ್ತು. ಹೆಂಗಸರು ಬೀದಿಯಲ್ಲಿ, ಕೋರ್ಟಿನಲ್ಲಿ ಕೇಳಿದ ಮೇಲೆ ಮರುವರ್ಷದ ಜುಲೈನಲ್ಲಿ ಅದನ್ನು ಸೊನ್ನೆಗೆ ಇಳಿಸಲಾಯಿತು. ತೆರಿಗೆಯ ಪಟ್ಟಿ ಬರೆಯುವ ಕೋಣೆಯಲ್ಲಿ ಹೆಂಗಸರು ಎಷ್ಟು ಮಂದಿ ಕೂತಿರುತ್ತಾರೆ ಎಂಬುದನ್ನು ಎರಡೂ ದೇಶಗಳ ಪಟ್ಟಿಗಳೇ ಹೇಳುತ್ತಿದ್ದವು.

ನಾಚಿಕೆಯೂ ನಮ್ಮೊಬ್ಬರದೇ ಆಸ್ತಿಯಲ್ಲ. ಪ್ಯಾಡಿನ ಜಾಹೀರಾತುಗಳಲ್ಲಿ ದಶಕಗಳ ಕಾಲ ನೀಲಿ ನೀರು ಸುರಿದು ತೋರಿಸಲಾಗುತ್ತಿತ್ತು. 2019ರಲ್ಲಿ ಲಿಬ್ರಾ ಕಂಪನಿ ಆಸ್ಟ್ರೇಲಿಯಾದ ಟಿ.ವಿ.ಯಲ್ಲಿ ಮೊದಲ ಬಾರಿಗೆ ಕೆಂಪನ್ನು ಕೆಂಪಾಗಿಯೇ ತೋರಿಸಿತು. 600ಕ್ಕೂ ಹೆಚ್ಚು ದೂರುಗಳು ಬಂದವು. ಜಾಹೀರಾತು ಮೇಲ್ವಿಚಾರಣಾ ಮಂಡಳಿ ಎಲ್ಲವನ್ನೂ ತಳ್ಳಿಹಾಕಿತು ಎನ್ನುವುದು ಸಮಾಧಾನದ ಸಂಗತಿ. ಆದರೆ ಊಟದ ಹೊತ್ತಿನಲ್ಲಿ ಗುಂಡೇಟಿನ ರಕ್ತ ನೋಡಿ ಸುಮ್ಮನಿರುವವರು ಈ ರಕ್ತಕ್ಕೆ ಮುಖ ತಿರುಗಿಸುವುದು ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಇನ್ನು ಆ ದೇಶದ ಮೂಲನಿವಾಸಿಗಳ ಕುಗ್ರಾಮಗಳ ಸ್ಥಿತಿ ಬೇರೆಯೇ. ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ವಾಟರ್‌ಏಡ್ ಸಂಸ್ಥೆಯ ಜತೆ ಸೇರಿ ಈ ಬಗ್ಗೆ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ದೂರದ ಊರುಗಳ ಒಂದೇ ಅಂಗಡಿಯಲ್ಲಿ ಪ್ಯಾಡು ದುಬಾರಿ, ಶಾಲೆಯ ಶೌಚಾಲಯದಲ್ಲಿ ಸೋಪೋ ಕಸದ ಬುಟ್ಟಿಯೋ ಇಲ್ಲ, ಪರಿಚಯದ ಗಂಡಸು ಗಲ್ಲಾದಲ್ಲಿ ಕೂತಿದ್ದರೆ ಹುಡುಗಿ ಬರಿಗೈಯಲ್ಲಿ ವಾಪಸು ಬರುತ್ತಾಳೆ, ಮರುದಿನ ಶಾಲೆಗೆ ಹೋಗುವುದಿಲ್ಲ. ಸಿಂಧನೂರಿನ ಹಳ್ಳಿಯೊಂದರ ಹುಡುಗಿಗೆ ಇದನ್ನು ಓದಿ ಹೇಳಿದರೆ ತನ್ನೂರಿನ ಸಮಾಚಾರ ಎಂದೇ ಅಂದುಕೊಂಡಾಳು.

ಅಡಿಲೇಡ್ ರಾಜಧಾನಿಯಾಗಿರುವ ದಕ್ಷಿಣ ಆಸ್ಟ್ರೇಲಿಯಾ 2021ರಿಂದ ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಯಿಂದ ಮೇಲಿನ ಎಲ್ಲ ವಿದ್ಯಾರ್ಥಿನಿಯರಿಗೂ ಪ್ಯಾಡು, ಟ್ಯಾಂಪನ್ ಉಚಿತ ಮಾಡಿತು. ಪಶ್ಚಿಮ ಆಸ್ಟ್ರೇಲಿಯಾ ಮತ್ತು ಕ್ವೀನ್ಸ್‌ಲ್ಯಾಂಡ್ ಅದೇ ಹಾದಿಗೆ ಬಂದವು. ಅಡಿಲೇಡಿನದೇ ಇನ್ನೊಂದು ಕೆಲಸಕ್ಕೆ ಇಷ್ಟು ಪ್ರಚಾರ ಸಿಕ್ಕಿಲ್ಲ. ಅಲ್ಲಿನ ಸ್ತ್ರೀರೋಗ ತಜ್ಞೆ ಸೂಸನ್ ಇವಾನ್ಸ್ ಮುಂದಾಳತ್ವದ ಪೆಲ್ವಿಕ್ ಪೇನ್ ಫೌಂಡೇಶನ್, ಮುಟ್ಟಿನ ನೋವು ಎಷ್ಟರವರೆಗೆ ಸಹಜ, ಎಲ್ಲಿಂದ ವೈದ್ಯರ ಬಳಿ ಹೋಗಬೇಕಾದ ಕಾಯಿಲೆ ಎಂಬುದನ್ನು ಶಾಲೆ ಶಾಲೆಗೆ ಹೋಗಿ ಹೇಳಿಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ 44ರಿಂದ 49ರ ವಯಸ್ಸಿನ ಹೊತ್ತಿಗೆ ಏಳು ಹೆಂಗಸರಲ್ಲಿ ಒಬ್ಬರಿಗೆ ಎಂಡೊಮೆಟ್ರಿಯೋಸಿಸ್ ಎಂಬ ಅಂಥ ಕಾಯಿಲೆ ಪತ್ತೆಯಾಗಿರುತ್ತದೆ ಎಂಬುದು ಅಲ್ಲಿನ ಸರ್ಕಾರದ ಅಂದಾಜು. ನಮ್ಮಲ್ಲಿ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ ಹುಡುಗಿಗೆ ಸಿಗುವ ಔಷಧ ಜೀರಿಗೆ ಕಷಾಯ, ಜತೆಗೆ ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಮಾತು. ಕಷಾಯಕ್ಕೆ ತಕರಾರಿಲ್ಲ. ಆ ಮಾತು ಮಾತ್ರ ಹಲವು ಹೆಂಗಸರು ಹತ್ತಾರು ವರ್ಷಗಳನ್ನು ನೋವಿನಲ್ಲೇ ಕಳೆಯುವಂತೆ ಮಾಡಿದೆ.

ವಿದೇಶದ ಕನ್ನಡ ಮನೆಗಳಿಗೆ ಹೋದರೆ ಮೈಲಿಗೆಯ ಕಟ್ಟಳೆಗಳು ಯಾವುದು ಉದುರಿದೆ, ಯಾವುದು ಉಳಿದಿದೆ ಎಂಬುದು ಗೊತ್ತಾಗುತ್ತದೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮೂರು ದಿನ ಅಡುಗೆಮನೆಗೆ ಹೋಗಬಾರದು ಎಂಬ ನಿಯಮ ಬಹುಬೇಗ ಬಿದ್ದುಹೋಯಿತು. ಅವಳು ಹೊರಗೆ ಕೂತರೆ ಮಕ್ಕಳ ಡಬ್ಬಿ ಕಟ್ಟುವವರಿಲ್ಲ. ದೇವರ ಗೂಡಿನ ನಿಯಮ ಮಾತ್ರ ಬಹಳಷ್ಟು ಮನೆಗಳಲ್ಲಿ ಹಾಗೇ ನಿಂತಿದೆ. ಊರಿನಿಂದ ಅತ್ತೆಯೋ ಅಮ್ಮನೋ ಆರು ತಿಂಗಳ ವೀಸಾದಲ್ಲಿ ಬಂದಾಗ ಬಿದ್ದುಹೋದ ನಿಯಮವೂ ಎದ್ದು ಬರುವುದುಂಟು. ಪರ್ತಿನ ಶಾಲೆಯಲ್ಲಿ ಈ ವಿಷಯವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿಸಿಕೊಂಡು ಬಂದ ಹನ್ನೆರಡರ ಹುಡುಗಿ, ಸಂಜೆ ಗಣಪತಿಯ ಮುಂದಿಟ್ಟ ಹೂವಿನ ತಟ್ಟೆ ಎತ್ತಿಡಲು ಹೋಗಿ ‘ನೀನು ಮುಟ್ಟಬೇಡ’ ಎನ್ನಿಸಿಕೊಳ್ಳುತ್ತಾಳೆ. ಏಕೆ ಎಂಬ ಅವಳ ಪ್ರಶ್ನೆಗೆ ‘ನಮ್ಮಲ್ಲಿ ಹಾಗೇ’ ಎಂಬುದಕ್ಕಿಂತ ಉತ್ತಮ ಉತ್ತರ ಹಿರಿಯರ ಬಳಿ ಇಲ್ಲ. ಇಂಗ್ಲಿಷಿನಲ್ಲಿ ಸಹಜವಾಗಿರುವ ಒಂದು ಸಂಗತಿ ಕನ್ನಡದ ಮನೆಯೊಳಗೆ ಬಂದಾಗ ಕಳಂಕವಾದರೆ, ಆ ಮಗು ದೂರವಾಗುವುದು ಕನ್ನಡದಿಂದಲೇ.

ನಮ್ಮಲ್ಲಿ ಹಾಗೇ ಎಂಬ ಮಾತೂ ಪೂರ್ತಿ ನಿಜವಲ್ಲ. ಹನ್ನೆರಡನೇ ಶತಮಾನದ ಶರಣರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ಹುಟ್ಟು, ಸಾವು, ಜಾತಿ, ಎಂಜಲುಗಳ ಜತೆಗೆ ರಜಸ್ಸಿನ ಸೂತಕವೂ ಒಂದು. ಕೊರಳಲ್ಲಿ ಇಷ್ಟಲಿಂಗ ಧರಿಸಿದ ಹೆಂಗಸು ತಿಂಗಳಿಗೆ ಮೂರು ದಿನ ಅದನ್ನು ತೆಗೆದಿಡಬೇಕಿಲ್ಲ ಎಂದು ಎಂಟು ನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿ ತೀರ್ಮಾನವಾಗಿತ್ತು. ತುಳುನಾಡಿನಲ್ಲಿ ಕೆಡ್ಡಸ ಹಬ್ಬದ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಉಳುವುದಿಲ್ಲ, ಅಗೆಯುವುದಿಲ್ಲ. ಅವಳಿಗೆ ಎಣ್ಣೆ, ಸೀಗೆ ಇಟ್ಟು ಉಪಚರಿಸುತ್ತಾರೆ. ಭೂಮಿಗೆ ಕೊಟ್ಟ ಆ ಆದರ ಮನೆಮಗಳಿಗೂ ಸಲ್ಲಬೇಕಾದದ್ದು.

ಸಲ್ಲುತ್ತಿಲ್ಲ ಎಂಬುದಕ್ಕೆ ತುಮಕೂರು, ಚಿತ್ರದುರ್ಗ ಕಡೆಯ ಗೊಲ್ಲರಹಟ್ಟಿಗಳು ಸಾಕ್ಷಿ. ಕಾಡುಗೊಲ್ಲರ ಹಲವು ಹಟ್ಟಿಗಳಲ್ಲಿ ಮುಟ್ಟಾದವರು, ಬಾಣಂತಿಯರು ಇಂದಿಗೂ ಊರ ಹೊರಗಿನ ಗುಡಿಸಲಲ್ಲಿ ಉಳಿಯುತ್ತಾರೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ-ಚಳಿಯ ನಡುವೆ ಅಂಥ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಮುಟ್ಟಾದವರನ್ನು, ಬಾಣಂತಿಯರನ್ನು ಬಲವಂತವಾಗಿ ಹೊರಗಿಡುವುದು ಕರ್ನಾಟಕದ 2017ರ ಅಮಾನವೀಯ ಆಚರಣೆಗಳ ತಡೆ ಕಾಯ್ದೆಯಡಿ ಅಪರಾಧ. ಇತ್ತ ಹೊರಗೆ ಉಳಿಯುವ ಹೆಂಗಸರಿಗೆಂದು ಸರ್ಕಾರದ ದುಡ್ಡಿನಲ್ಲೇ ಕೆಲವು ಹಟ್ಟಿಗಳಲ್ಲಿ ‘ಕೃಷ್ಣ ಕುಟೀರ’ಗಳು ಎದ್ದಿವೆ. ಗುಡಿಸಲಿನ ಸೋರುವ ಮಾಡಿಗಿಂತ ಸಿಮೆಂಟಿನ ಕೋಣೆ ಮೇಲು ಎಂಬ ವಾದ ಅರ್ಥವಾಗುತ್ತದೆ. ಆದರೂ ಹೊರಗಿಡುವ ಪದ್ಧತಿಗೆ ಸರ್ಕಾರವೇ ಗೋಡೆ ಕಟ್ಟಿಕೊಟ್ಟರೆ ಆ ಪದ್ಧತಿ ಇನ್ನೂ ಒಂದು ತಲೆಮಾರು ಗಟ್ಟಿಯಾಗಿ ನಿಲ್ಲುತ್ತದೆ. ಆ ದುಡ್ಡು ಹಟ್ಟಿಯೊಳಗಿನ ಮನೆಮನೆಯ ಬಚ್ಚಲು, ಶೌಚಾಲಯಕ್ಕೆ ಹೋಗಬೇಕಿತ್ತು.

ಬಟ್ಟೆಯ ವಿಷಯವನ್ನೂ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 15ರಿಂದ 24ರ ವಯಸ್ಸಿನ ಭಾರತದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಈಗಲೂ ಬಟ್ಟೆ ಬಳಸುತ್ತಾರೆ. ಬಟ್ಟೆಯೇನೂ ಕೊಳಕಲ್ಲ. ಹತ್ತಿಯ ಬಟ್ಟೆಯನ್ನು ಸೋಪು ಹಾಕಿ ಒಗೆದು ಚುರುಗುಟ್ಟುವ ಬಿಸಿಲಲ್ಲಿ ಒಣಗಿಸಿದರೆ ಅದು ಆರೋಗ್ಯಕ್ಕೂ ಸರಿ, ಪರಿಸರಕ್ಕೂ ಸರಿ. ಕೆಡುವುದು ಒಣಗಿಸುವಲ್ಲಿ. ಮಲೆನಾಡಿನ ಆಷಾಢದಲ್ಲಿ ಎಂಟು ದಿನ ಬಿಸಿಲೇ ಕಾಣುವುದಿಲ್ಲ. ಬಚ್ಚಲೊಲೆಯ ಹಿಂದಿನ ಹಗ್ಗದಲ್ಲಿ ಹಳೆಯ ಲಂಗದ ಅಡಿ ಮರೆಮಾಡಿ ಹರವಿದ ತುಂಡುಗಳು ಹೊಗೆ ಕುಡಿಯುತ್ತವೆ, ಒಣಗುವುದಿಲ್ಲ. ಮುಗ್ಗಲು ವಾಸನೆಯ ಆ ಹಸಿ ಬಟ್ಟೆಯನ್ನೇ ಮತ್ತೆ ಕಟ್ಟಿಕೊಂಡು ತುರಿಕೆ, ಸೋಂಕು ಅಂಟಿಸಿಕೊಂಡವರು ಎಷ್ಟೋ ಮಂದಿ. ಬಿಸಿಲಿದ್ದ ದಿನವೂ ಅಂಗಳದ ತಂತಿಗೆ ಅದು ಬರುವುದಿಲ್ಲ, ಗಂಡಸರ ಕಣ್ಣಿಗೆ ಬೀಳಬಾರದಲ್ಲ. ಆಸ್ಟ್ರೇಲಿಯಾದ ಹಿತ್ತಿಲುಗಳಲ್ಲಿ ಗಿರಗಿರನೆ ತಿರುಗುವ ಬಟ್ಟೆ ಹರವುವ ಕಂಬ, ಅಡಿಲೇಡಿನ ಲ್ಯಾನ್ಸ್ ಹಿಲ್ 1945ರಲ್ಲಿ ಮಾಡಿ ಮನೆಮಾತಾದದ್ದು, ಈಗ ತೊಳೆದು ಮರುಬಳಸುವ ಮುಟ್ಟಿನ ಒಳಉಡುಪನ್ನೂ ಹೊತ್ತು ತಿರುಗುತ್ತದೆ. ಅಲ್ಲಿ ಬಿಸಿಲಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಕರ್ನಾಟಕ ಸರ್ಕಾರ ಈ ವಿಷಯದಲ್ಲಿ ಏನೂ ಮಾಡಿಲ್ಲ ಎಂದರೆ ಅನ್ಯಾಯವಾಗುತ್ತದೆ. ಹದಿಹರೆಯದ ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡು ಕೊಡುವ ‘ಶುಚಿ’ ಯೋಜನೆ ಬಂದದ್ದು 2013-14ರಲ್ಲಿ, ದಕ್ಷಿಣ ಆಸ್ಟ್ರೇಲಿಯಾಕ್ಕಿಂತ ಎಷ್ಟೋ ವರ್ಷ ಮೊದಲು. ದಕ್ಷಿಣ ಕನ್ನಡ, ಚಾಮರಾಜನಗರದ ಹುಡುಗಿಯರಿಗೆ ಪ್ರಾಯೋಗಿಕವಾಗಿ ಮುಟ್ಟಿನ ಕಪ್ ಕೊಡುವ ‘ಮೈತ್ರಿ’ಯೂ ಬಂತು. 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿತು, ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಡವೆಂದದ್ದು ಅದರ ಒಳ್ಳೆಯ ಅಂಶ. ಕಬ್ಬು ಕಡಿಯುವವರಿಗೆ, ಮನೆಗೆಲಸದವರಿಗೆ ಆ ರಜೆ ಹೇಗೆ ಸಿಗುತ್ತದೆ ಎಂಬ ಪ್ರಶ್ನೆ ಬಾಕಿ ಇದೆ.

ಶುಚಿಯ ತೊಂದರೆ ಬೇರೆಯದು. ಕೋವಿಡ್ ಕಾಲದಲ್ಲಿ ಟೆಂಡರು, ಪೂರೈಕೆಯ ಕಗ್ಗಂಟಿಗೆ ಸಿಕ್ಕಿ ನಿಂತ ಯೋಜನೆ ಮತ್ತೆ ಚಾಲೂ ಆಗಲು 2024 ಬರಬೇಕಾಯಿತು. ಈ ನಡುವೆ ಹೈಸ್ಕೂಲು ಸೇರಿದ ಹುಡುಗಿ ಒಂದು ಪೊಟ್ಟಣವನ್ನೂ ಕಾಣದೆ ಹೈಸ್ಕೂಲು ಮುಗಿಸಿರಬಹುದು. ಮುಟ್ಟಿಗೆ ಟೆಂಡರಿನ ದಿನಾಂಕ ಗೊತ್ತಿಲ್ಲ. ಪೂರೈಕೆ ಇದ್ದಾಗಲೂ ಬಹಳಷ್ಟು ಶಾಲೆಗಳಲ್ಲಿ ಪೊಟ್ಟಣ ಇರುವುದು ಆಫೀಸು ಕೋಣೆಯ ಬೀರುವಿನಲ್ಲಿ, ಬೀಗದ ಕೈ ಶಿಕ್ಷಕರ ಬಳಿ. ಗಣಿತದ ಪಾಠದ ನಡುವೆ ಲಂಗ ಒದ್ದೆಯಾದ ಹುಡುಗಿ ಗಂಡುಮಕ್ಕಳ ಸಾಲು ದಾಟಿ, ಮೇಷ್ಟ್ರ ಬಳಿ ಬಾಯಿಬಿಟ್ಟು, ಬೀರು ತೆಗೆಸಿಕೊಂಡು, ವಹಿಯಲ್ಲಿ ಸಹಿ ಹಾಕಬೇಕು. ಅವಳು ಅದನ್ನು ಮಾಡುವುದಿಲ್ಲ. ಹೊಟ್ಟೆನೋವು ಎಂದು ಹೇಳಿ ಮನೆಗೆ ಹೋಗುತ್ತಾಳೆ.

ಹಾಗಾಗಿ ಹೊಸ ಯೋಜನೆಯ ಹೆಸರಿಗಿಂತ ಮೊದಲು ಆಗಬೇಕಾದದ್ದು ಆ ಬೀರುವನ್ನು ಖಾಲಿ ಮಾಡುವುದು. ಪೊಟ್ಟಣಗಳು ಹೆಣ್ಣುಮಕ್ಕಳ ಶೌಚಾಲಯದ ಗೋಡೆಯ ಮೇಲಿರಲಿ, ಪಕ್ಕದಲ್ಲಿ ನೀರು, ಸೋಪು, ಮುಚ್ಚಳವಿರುವ ಬುಟ್ಟಿ ಇರಲಿ, ಲೆಕ್ಕ ಬೇಕಿದ್ದರೆ ಪೆಟ್ಟಿಗೆಯನ್ನು ಎಷ್ಟು ಸಲ ತುಂಬಿದೆವು ಎಂದು ಬರೆದುಕೊಳ್ಳಲಿ. ಎರಡು ಪೊಟ್ಟಣ ಹೆಚ್ಚು ಒಯ್ದವಳು ಮನೆಯಲ್ಲಿರುವ ಅಮ್ಮನಿಗೋ ಅಕ್ಕನಿಗೋ ಕೊಟ್ಟಿರುತ್ತಾಳೆ, ಅದನ್ನು ಕಳವೆಂದು ಬರೆಯುವುದು ಬೇಡ. ಪರ್ತ್, ಬ್ರಿಸ್ಬೇನ್, ಅಡಿಲೇಡಿನಲ್ಲಿ ಯುಗಾದಿಗೆ, ರಾಜ್ಯೋತ್ಸವಕ್ಕೆ ಸಭಾಂಗಣ ಹಿಡಿಯುವ ಕನ್ನಡಿಗರೂ ಊಟದ ತಟ್ಟೆಗಳ ಖರ್ಚಿನ ಜತೆ ಶೌಚಾಲಯದಲ್ಲಿಡುವ ಒಂದು ಬುಟ್ಟಿ ಪ್ಯಾಡಿನ ಖರ್ಚನ್ನು ಸೇರಿಸಿಕೊಳ್ಳಬಹುದು. ಬೆಂಟ್ಲಿಯ ಬಾಡಿಗೆ ಮನೆಯಿಂದ ಹಬ್ಬದೂಟಕ್ಕೆ ಬಂದ ವಿದ್ಯಾರ್ಥಿನಿ ಯಾರಿಗೂ ಹೇಳದೆ ಅದರಿಂದ ನಾಲ್ಕು ಪ್ಯಾಡು ತನ್ನ ಚೀಲಕ್ಕೆ ಹಾಕಿಕೊಂಡರೆ, ಆ ಸಲದ ಖರ್ಚು ಸಾರ್ಥಕವಾಯಿತೆಂದೇ ಬರೆದುಕೊಳ್ಳಲಿ.