ಅಪ್ಸರೆ ಭತ್ತದ ರಸ ಹೀರ್ತಾಳಾ?

‘ನಿಂಫ್’ ಅಂದ್ರೆ ಕನ್ನಡದಲ್ಲಿ ಏನು ಅಂತ ಯಾರನ್ನಾದರೂ ಕೇಳಿ. ನಿಘಂಟು ನೋಡಿದವರು ‘ಅಪ್ಸರೆ’ ಅಂತಾರೆ. ಅದನ್ನೇ ನಂಬಿ ಬೆಳೆರೋಗದ ಕರಪತ್ರವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದರೆ, ‘ಅಪ್ಸರೆಯರು ಭತ್ತದ ಬುಡದಲ್ಲಿ ಕೂತು ರಸ ಹೀರುತ್ತಾರೆ, ಕೂಡಲೇ ಔಷಧಿ ಸಿಂಪಡಿಸಿ’ ಎಂಬ ವಾಕ್ಯ ಹುಟ್ಟುತ್ತದೆ. ನಗು ಬರೋದು ನಮಗೆ. ಗದ್ದೆಯಲ್ಲಿ ನಿಂತು ಓದುವ ರೈತರಿಗೆ ಬರಲಿಕ್ಕಿಲ್ಲ.

ನಿಂಫ್ ಅನ್ನು ನಿಂಫ್ ಅಂತಲೇ ಬರೆಯೋಣ ಅನ್ನೋದು ನಮ್ಮ ವಾದ. ಕನ್ನಡ ಸಂಘದವರೇ ಹೀಗಂದ್ರೆ ಹೇಗೆ ಅಂತೀರಾ? ಸ್ವಲ್ಪ ತಾಳಿ.

ಈ ಪದ ಇಂಗ್ಲಿಷಿನ ಸ್ವಂತದ್ದೇನಲ್ಲ. ಗ್ರೀಕಿನಲ್ಲಿ ಇದಕ್ಕೆ ಮದುಮಗಳು, ಮದುವೆ ವಯಸ್ಸಿನ ಹುಡುಗಿ ಎಂಬ ಅರ್ಥ. ಬುಗ್ಗೆ, ಬೆಟ್ಟ, ಮರಗಳಲ್ಲಿ ನೆಲೆಸಿದ ಕಿರುದೇವತೆಯರಿಗೂ ಅದೇ ಹೆಸರು. ನೀರಿನವಳು ನಯಾಡ್, ಬೆಟ್ಟದವಳು ಓರಿಯಾಡ್, ಮರದವಳು ಡ್ರಯಾಡ್. ಹಮಡ್ರಯಾಡ್ ಎಂಬವಳಂತೂ ತನ್ನ ಮರ ಸತ್ತರೆ ತಾನೂ ಸಾಯುತ್ತಾಳೆ. ‘ಅಪ್’ ಅಂದರೂ ನೀರೇ, ಹಾಗಾಗಿ ನಮ್ಮ ಅಪ್ಸರೆಗೂ ಇವರಿಗೂ ಒಂದು ನೆಂಟಸ್ತಿಕೆ ಇದೆ, ಒಪ್ಪೋಣ. ಆದರೆ ಮೇನಕೆ, ಊರ್ವಶಿಯರ ವಿಳಾಸ ಇಂದ್ರನ ಸಭೆ. ಕೆಲಸ ಕುಣಿಯೋದು, ಋಷಿಗಳ ತಪಸ್ಸು ಕೆಡಿಸೋದು. ಒಂದೇ ಮರಕ್ಕೆ ಜೀವ ಕಟ್ಟಿಕೊಂಡವಳನ್ನು ವನದೇವತೆ ಅಂದರೂ ನಡೆದೀತು, ಅಪ್ಸರೆ ಅಂದರೆ ಕಥೆಯೇ ದಾರಿ ತಪ್ಪುತ್ತದೆ.

ಕೀಟಗಳ ವಿಷಯದಲ್ಲಿ ತಪ್ಪು ಇನ್ನೂ ದುಬಾರಿ. ಚಿಟ್ಟೆ ಆಗೋ ಮೊದಲು ಕಂಬಳಿಹುಳು ಕೋಶದೊಳಗೆ ಸೇರಿ ರೂಪವನ್ನೇ ಬದಲಿಸುತ್ತದೆ. ಮಿಡತೆ, ಜಿರಳೆಗಳಿಗೆ ಆ ಕೋಶದ ಹಂತವೇ ಇಲ್ಲ. ಮೊಟ್ಟೆಯಿಂದ ಬರುವ ಮರಿ ನೋಡಲು ದೊಡ್ಡದರ ಹಾಗೇ ಇರುತ್ತೆ, ರೆಕ್ಕೆ ಮಾತ್ರ ಬಲಿತಿರಲ್ಲ. ಪೊರೆ ಕಳಚುತ್ತ ಕಳಚುತ್ತ ಬೆಳೆಯುತ್ತದೆ. ಇದೇ ನಿಂಫ್. ಭತ್ತದ ಕಂದು ಜಿಗಿಹುಳುವಿನ ನಿಂಫ್‌ಗಳೂ ಬಲಿತ ಹುಳುಗಳೂ ಒಟ್ಟಿಗೆ ಬುಡದಲ್ಲಿ ಸೇರಿ ರಸ ಹೀರಿ, ಗದ್ದೆ ಸುಟ್ಟ ಹಾಗೆ ಮಾಡಿಬಿಡುತ್ತವೆ. ಇಲ್ಲಿ ‘ಮರಿಹುಳು’ ಅಂತ ಬರೆದರೂ ಗೊಂದಲವೇ. ಓದಿದವರು ಕಂಬಳಿಹುಳುವಿನಂಥದ್ದನ್ನು ಎಲೆ ಮೇಲೆ ಹುಡುಕ್ತಾರೆ, ಔಷಧಿ ಎಲೆಗೆ ಬೀಳುತ್ತೆ, ಕಳ್ಳ ಬುಡದಲ್ಲಿ ಹಾಯಾಗಿರ್ತಾನೆ.

ಏರೋಪ್ಲೇನ್ ಚಿಟ್ಟೆಯ ನಿಂಫ್ ಬೆಳೆಯೋದು ನೀರಿನಲ್ಲಿ. ಕೀಟತಜ್ಞರು ಅದನ್ನು ನಯಾಡ್ ಅಂತಲೂ ಕರೀತಾರೆ. ಸುಂದರಿ ಇರಬಹುದು ಅಂತ ಇಣುಕಬೇಡಿ. ಮಡಚಿಟ್ಟ ಕೆಳದುಟಿಯನ್ನು ಫಟ್ ಅಂತ ಚಾಚಿ ಸೊಳ್ಳೆಮರಿ, ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತದೆ. ಕಿವಿರು ಇರೋದು ಗುದನಾಳದೊಳಗೆ. ಅಪಾಯ ಬಂದರೆ ಅಲ್ಲಿಂದಲೇ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತೆ. ಜೆಟ್ ಪ್ರೊಪಲ್ಷನ್! ಮೆಕ್ಯಾನಿಕಲ್‌ನವರು ಗಮನಿಸಿ.

ಗೇಮ್‌ಗಳಿಗೆ ಈ ಪದದ ಬಗ್ಗೆ ಯಾವ ಮಡಿಯೂ ಇಲ್ಲ. 1987ರಲ್ಲಿ ಬಂದ ನೆಟ್‌ಹ್ಯಾಕ್‌ನಲ್ಲಿ ನಿಂಫ್ ಅಂದರೆ ಸ್ಕ್ರೀನ್ ಮೇಲಿನ ಒಂದು ‘ಎನ್’ ಅಕ್ಷರ. ಹತ್ತಿರ ಬಂದಳೋ, ಮರುಳು ಮಾಡಿ ನಿಮ್ಮ ಸಾಮಾನು ಕದ್ದು ಮಾಯ. ನೀರು, ಕಾಡು, ಬೆಟ್ಟ ಅಂತ ಅಲ್ಲೂ ಮೂರು ಬಗೆ, ಗ್ರೀಕರ ವಿಂಗಡಣೆ ಹಾಗೇ ಉಳಿದಿದೆ. 1977ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪುಸ್ತಕದಲ್ಲಿ ಅವಳನ್ನು ನೋಡಿದವರ ಕಣ್ಣೇ ಹೋಗುತ್ತೆ. ಹೆಣ್ಣು ಅಂದರೆ ಒಂದೋ ಕಳ್ಳಿ, ಇಲ್ಲಾ ಕಣ್ಣಿಗೆ ಕುತ್ತು. ಈ ಕಲ್ಪನೆ ನಮಗೇನೂ ಹಿಡಿಸಲ್ಲ. ನಮಗೆ ಇಷ್ಟ ಪೋಕೆಮಾನ್‌ನ ನಿಂಕಾಡ. ಅದು ನೆಲದೊಳಗಿನ ಸಿಕಾಡಾ ನಿಂಫ್. 20ನೇ ಲೆವೆಲ್‌ನಲ್ಲಿ ರೆಕ್ಕೆ ಬಂದು ನಿಂಜಾಸ್ಕ್ ಆಗುತ್ತೆ. ಟೀಮಿನಲ್ಲಿ ಜಾಗ ಖಾಲಿ ಇಟ್ಟಿದ್ದರೆ ಕಳಚಿದ ಪೊರೆಯೂ ಶೆಡಿಂಜಾ ಎಂಬ ಇನ್ನೊಂದು ಪೋಕೆಮಾನ್ ಆಗಿ ಸೇರಿಕೊಳ್ಳುತ್ತೆ. ಪೊರೆ ತಾನೆ, ಅದಕ್ಕಿರೋ ಜೀವ ಒಂದೇ ಪಾಯಿಂಟ್. ನಿಂಫ್ ಅಂದರೇನು ಅಂತ ನಿಘಂಟಿಗಿಂತ ಇದೇ ಚೆನ್ನಾಗಿ ಹೇಳಿಕೊಡುತ್ತೆ.

ಲಾರ್ವಾ, ಪ್ಯೂಪಾ ಅಂತ ಕನ್ನಡ ಮೀಡಿಯಂನವರೂ ಓದ್ತಾರೆ, ಬರೀತಾರೆ. ನಿಂಫ್ ಒಂದಕ್ಕೆ ಯಾಕೆ ತಕರಾರು? ಹಾಗಂತ ಪದ ಎಸೆದು ಕೈತೊಳೆಯೋ ಹಾಗೂ ಇಲ್ಲ. ಫ್ರೆಂಚರು ಇದೇ ಪದವನ್ನು ಕೋಶದ ಹಂತಕ್ಕೆ ಬಳಸ್ತಾರೆ! ಮೊದಲ ಸಲ ಬರೆಯುವಾಗ ‘ರೆಕ್ಕೆ ಬಲಿಯದ ಜಿಗಿಹುಳು, ಅಂದರೆ ನಿಂಫ್’ ಅಂತ ಬಿಡಿಸಿ ಹೇಳಿದರೆ ಖರ್ಚಾಗೋದು ನಾಲ್ಕೈದು ಪದ ಅಷ್ಟೆ.

ಅನುವಾದದ ಆ್ಯಪ್ ಮಾಡ್ತೀವಿ ಅಂತ ಫೈನಲ್ ಇಯರ್ ಪ್ರಾಜೆಕ್ಟ್ ಹಿಡಿದಿರೋ ಗೆಳೆಯರೇ, ನಿಮ್ಮ ಪದಪಟ್ಟಿಯಲ್ಲಿ ‘ವಿಷಯ’ ಅಂತ ಒಂದು ಕಾಲಂ ಹೆಚ್ಚಿಗೆ ಇಡಿ. ಪುರಾಣವೋ, ಕೀಟವೋ, ಗೇಮೋ ಅಂತ ಅದರಲ್ಲಿ ತುಂಬಿ. ಆಮೇಲೆ ಆ ಕರಪತ್ರವನ್ನು ಕೊಟ್ಟು ನೋಡಿ.